ಯಾರೂ ಮುಟ್ಟದ ಸರಕು

ಉಗ್ರಾಣಮ್ಮನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ದೊಡ್ಡ ಆಸ್ಪತ್ರೆಯೊಂದರ ಉಗ್ರಾಣವನ್ನು ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೆ ಆಳಿದ ಹೆಂಗಸು ಆಕೆ. ಹತ್ತಿ, ಸೂಜಿ, ಹಾಸಿಗೆಯ ಬಟ್ಟೆ, ಗಾಲಿ ಕುರ್ಚಿಯ ಬಿಡಿಭಾಗ, ಎಲ್ಲವನ್ನೂ ಕರೆಂಟು ಹೋದಾಗ ಕೈ ಚಾಚಿದರೂ ಬೇಕಾದದ್ದೇ ಸಿಗುವಂತೆ ಇಟ್ಟಿದ್ದಳು. ಅವಳ ಕಾನೂನು ಎರಡೇ. ಒಂದು, ವರ್ಷದಿಂದ ಯಾರೂ ಮುಟ್ಟದ್ದು ಕಸ. ಇನ್ನೊಂದು, ಒಂದೇ ಸರಕು ಎರಡು ಕಡೆ ಇರಕೂಡದು. ದೊಡ್ಡ ಡಾಕ್ಟರೇ ಬಂದು, "ಇರಲಿ ಬಿಡಮ್ಮ, ಯಾವತ್ತಾದ್ರೂ ಬೇಕಾಗುತ್ತೆ" ಎಂದರೂ ಅವಳು ಜಗ್ಗುತ್ತಿರಲಿಲ್ಲ.

"ಯಾವತ್ತಾದ್ರೂ ಅನ್ನೋ ಕಪಾಟು ನನ್ನ ಹತ್ರ ಇಲ್ಲ ಸಾರ್."

ಆಸ್ಪತ್ರೆ ಬಿಟ್ಟ ಮೇಲೆ ಆ ಎರಡೂ ಕಾನೂನು ಮನೆಗೆ ಬಂದವು. ಮನೆಯಲ್ಲಿ ಅವಕ್ಕೆ ಸಿಕ್ಕಿದ ಪ್ರಜೆ ಒಬ್ಬನೇ, ಅವಳ ಗಂಡ. ಅವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಸುದ್ದಿ ಹೇಳುತ್ತಿದ್ದವನು. ಊರಿನ ಅರ್ಧ ಜನ ಅವನ ಮುಖ ನೋಡಿರಲಿಲ್ಲ. ಆದರೆ ಅವನ ದನಿ ಕೇಳದೆ ಯಾರೂ ಊರು ಬಿಟ್ಟಿರಲಿಲ್ಲ. ಮನೆಯಲ್ಲೂ ಅದೇ ಚಾಳಿ. "ಪ್ರಯಾಣಿಕರ ಗಮನಕ್ಕೆ, ಮಧ್ಯಾಹ್ನದ ಊಟ ಅನಿವಾರ್ಯ ಕಾರಣಗಳಿಂದ ತಡವಾಗಿ ಹೊರಡಲಿದೆ" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿ ಬೈಸಿಕೊಳ್ಳುತ್ತಿದ್ದ.

ಅಂಥವನ ಗಂಟಲಿಗೇ ಗಂಟು ಬಂತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ಹೋಗಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ, ಉಗ್ರಾಣಮ್ಮನ ತಂಗಿಯ ಮಗಳು ಪುಟ್ಟಿ ಒಂದು ಹಳೆಯ ಕಂಪ್ಯೂಟರ್ ತಂದು ಹೊರಕೋಣೆಯಲ್ಲಿಟ್ಟು ದೊಡ್ಡಪ್ಪನನ್ನು ಮೈಕಿನ ಮುಂದೆ ಕೂರಿಸಿದಳು. ಹೆಸರಿಗಷ್ಟೇ ಪುಟ್ಟಿ, ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುವ, ಕೂದಲಲ್ಲಿ ಆಗಲೇ ಬೆಳ್ಳಿ ಎಳೆ ಕಾಣುವ ಹೆಂಗಸು. ಅವನು ಮೈ ಹುಷಾರಿದ್ದ ದಿನವೆಲ್ಲ ಕೂತು ವಾಕ್ಯದ ಮೇಲೆ ವಾಕ್ಯ, ಪದದ ಮೇಲೆ ಪದ ಹೇಳಿ ತುಂಬಿಸಿದ. ಅವನ್ನೆಲ್ಲ ಜೋಡಿಸಿ, ಅವನು ಟೈಪ್ ಮಾಡಿದ್ದನ್ನು ಅವನದೇ ದನಿಯಲ್ಲಿ ಹೇಳುವಂತೆ ಪುಟ್ಟಿ ಮಾಡಿಕೊಟ್ಟಳು. ಗಂಟಲು ಹೋಯಿತು, ದನಿ ಉಳಿಯಿತು.

ಆದರೆ ಈಚೆಗೆ ಕಂಪ್ಯೂಟರ್ ಮುದಿ ಎತ್ತಿನ ಹಾಗೆ ಎಳೆಯತೊಡಗಿತ್ತು. ಅವನು ತಮಾಷೆಯೊಂದನ್ನು ಟೈಪ್ ಮಾಡಿದರೆ, ಬಂದ ನೆಂಟರು ಕಾಫಿ ಮುಗಿಸಿ ಬೇರೆ ಮಾತಿಗೆ ಹೋದ ಮೇಲೆ ದನಿ ಬರುತ್ತಿತ್ತು. ಆಗ ಯಾರಿಗೂ ನಗು ಬರುತ್ತಿರಲಿಲ್ಲ. ಅವನು ಪರದೆಯನ್ನೇ ನೋಡುತ್ತ ಕೂರುತ್ತಿದ್ದ. ಉಗ್ರಾಣಮ್ಮ ಅದನ್ನು ನೋಡಲಾರದೆ ಒಳಗೆ ಹೋಗುತ್ತಿದ್ದಳು. ಒಂದು ದಿನ ಪರದೆಯ ಮೂಲೆಯಲ್ಲಿ ಜಾಗ ತುಂಬಿದೆ ಎಂಬ ಸೂಚನೆ ಬಂತು. ಜಾಗ ತುಂಬುವುದು ಎಂದರೇನು, ಅದಕ್ಕೆ ಮದ್ದೇನು ಎಂಬುದನ್ನು ಉಗ್ರಾಣಮ್ಮನಿಗೆ ಯಾರಾದರೂ ಹೇಳಿಕೊಡಬೇಕೇ?

ಗಂಡ ಬೆಳಗಿನ ವಾಕಿಂಗಿಗೆ ಹೋದದ್ದೇ ತಡ, ಅವಳು ಸೆರಗು ಸಿಕ್ಕಿಸಿ ಕಂಪ್ಯೂಟರಿನ ಮುಂದೆ ಕೂತಳು. ಫೈಲುಗಳನ್ನು ತಾರೀಖಿನ ಪ್ರಕಾರ ಸಾಲಾಗಿ ನಿಲ್ಲಿಸುವುದು ಅವಳಿಗೆ ಗೊತ್ತಿತ್ತು. ನಿಲ್ಲಿಸಿದರೆ ಏನು ನೋಡುವುದು! ವರ್ಷದಿಂದ, ಎರಡು ವರ್ಷದಿಂದ, ಇನ್ನೂ ಹಿಂದಿನಿಂದ ಯಾರೂ ಮುಟ್ಟದ ಫೈಲುಗಳು ರಾಶಿ ರಾಶಿ ಬಿದ್ದಿದ್ದವು. ಹೆಸರುಗಳಾದರೂ ಮನುಷ್ಯರು ಇಡುವಂಥವೇ? ಬಾಲವಿಲ್ಲ, ತಲೆಯಿಲ್ಲ. ಇನ್ನೊಂದು ಕಡೆ ಬರೀ ಅಂಕಿಗಳನ್ನೇ ಹೆಸರಾಗಿ ಹೊತ್ತ ಫೈಲುಗಳ ದಂಡು. ಅವಳು ಮೇಲಿಂದ ಕೆಳಗಿನವರೆಗೆ ಗುರುತು ಹಾಕಿ ಅಳಿಸುವ ಕೀಲಿ ಒತ್ತಿದಳು.

'ಇವು ಕಂಪ್ಯೂಟರ್ ನಡೆಯಲು ಬೇಕಾದವು. ಖಂಡಿತ ಅಳಿಸಬೇಕೇ?' ಎಂದು ಕೇಳಿತು ಪೆಟ್ಟಿಗೆ. ವೃತ್ತಿಯುದ್ದಕ್ಕೂ ಇಂಥ ಪ್ರಶ್ನೆ ಕೇಳುವವರನ್ನು ನೋಡಿದವಳು ಅವಳು. 'ಹೌದು' ಒತ್ತಿದಳು. ಇನ್ನು ಕೆಲವು, 'ಈ ಫೈಲು ಬಳಕೆಯಲ್ಲಿದೆ' ಎಂದು ಹಟ ಹಿಡಿದವು. ಕೆಲಸ ಮಾಡುವವರ ಮೇಲೆ ಅವಳಿಗೆ ಸಿಟ್ಟಿಲ್ಲ, ಅವನ್ನು ಬಿಟ್ಟಳು. ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಹೊಸದಾಗಿ ಶುರುವಾಗಲಿ ಎಂದು ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದಳು.

ಪರದೆ ಕಪ್ಪಗಾಯಿತು. ಕಪ್ಪಗೇ ಉಳಿಯಿತು. ಮೇಲ್ಗಡೆ ಒಂದೇ ಒಂದು ಬಿಳಿ ಸಾಲು, ಎಬ್ಬಿಸುವ ಫೈಲು ಕಾಣುತ್ತಿಲ್ಲ ಎಂಬ ಅರ್ಥದ್ದು. ನೆಗಡಿ ಬಂತೆಂದು ಮೂಗನ್ನೇ ಕೊಯ್ದ ಹಾಗಾಗಿತ್ತು.

ಗಂಡ ವಾಕಿಂಗಿನಿಂದ ಬಂದು ಚಪ್ಪಲಿ ಬಿಟ್ಟು, ನೀರು ಕುಡಿದು, ಎಂದಿನಂತೆ ಕುರ್ಚಿ ಎಳೆದು ಕೂತ. ಕೀಲಿ ಒತ್ತಿದ. ಮತ್ತೆ ಒತ್ತಿದ. ಆಮೇಲೆ ಅವಳ ಕಡೆ ತಿರುಗಿ ಹುಬ್ಬು ಏರಿಸಿದ.

"ನಾನೇ ಕಣ್ರೀ," ಎಂದಳು ಉಗ್ರಾಣಮ್ಮ. "ಬೇಗ ಮಾತಾಡ್ಲಿ ಅಂತ ಕ್ಲೀನ್ ಮಾಡೋಕೆ ಹೋದೆ. ಹಾಳಾದ್ದು, ಏಳ್ತಾನೇ ಇಲ್ಲ."

ಪಕ್ಕದಲ್ಲೇ ಕಾಗದವಿತ್ತು, ಪೆನ್ನಿತ್ತು. ಅವನು ಬಯ್ದು ಬರೆದಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಅವನು ಏನೂ ಬರೆಯಲಿಲ್ಲ. ಒಳಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಉಗ್ರಾಣಮ್ಮ ಫೋನ್ ಮಾಡಿದ ಮೇಲೆ ಪುಟ್ಟಿ ಅಂಗಡಿಗೆ ಬಾಗಿಲೆಳೆದು ಬಂದಳು. ಕಪ್ಪು ಪರದೆ ನೋಡಿದಾಗ ಅವಳಿಗೆ ಗಾಬರಿಯಾಗಲಿಲ್ಲ.

"ಎಬ್ಬಿಸೋ ಫೈಲು ಹೋಗಿದೆ ಅಷ್ಟೇ ದೊಡ್ಡಮ್ಮ, ಹಾಕ್ಕೊಡ್ತೀನಿ. ಮಾತಾಡೋ ಪ್ರೋಗ್ರಾಂ ನಡೀಲಿ ಅಂತ ಫೈಲುಗಳ ಬೀಗ ಎಲ್ಲ ತೆಗೆದಿಟ್ಟಿದ್ದು ನಾನೇ, ತಪ್ಪು ನಂದೂ ಇದೆ. ಬೇರೆ ಏನಾದ್ರೂ ಅಳಿಸಿದ್ರಾ?"

"ಅಂಕಿ ಅಂಕಿ ಹೆಸರಿಂದು ಒಂದು ರಾಶಿ ಇತ್ತು."

ಪುಟ್ಟಿಯ ಕೈ ನಿಂತಿತು. "ಅದೇ ದೊಡ್ಡಮ್ಮ ದೊಡ್ಡಪ್ಪನ ದನಿ. ಅವರು ಹೇಳಿದ ಒಂದೊಂದು ಮಾತೂ ಒಂದೊಂದು ಫೈಲು." ಆಮೇಲೆ, "ಹೋಗ್ಲಿ, ಕಾಪಿ ಇದೆಯಲ್ಲ. ನಾನು ಬೇರೆ ಡಿಸ್ಕಿಗೆ ಹಾಕಿ ಕೊಟ್ಟಿದ್ನಲ್ಲ, ಅದೆಲ್ಲಿ?" ಎಂದಳು.

ಉಗ್ರಾಣಮ್ಮನಿಗೆ ತನ್ನ ಎರಡನೆಯ ಕಾನೂನು ನೆನಪಾಯಿತು. ಒಂದೇ ಸರಕು ಎರಡು ಕಡೆ ಇರಕೂಡದು. ಆ ಡಿಸ್ಕನ್ನು ಅಳಿಸಿ ಖಾಲಿ ಮಾಡಿ, ಮದುವೆ ಮುಂಜಿಗಳ ಫೋಟೋ ತುಂಬಿಸಿಟ್ಟವಳು ಅವಳೇ. ಅದನ್ನು ಹೇಳುವಾಗ ಅವಳ ದನಿಯೂ ಅರ್ಧ ಹೋಗಿತ್ತು.

ಪುಟ್ಟಿ ಬೈಯಲಿಲ್ಲ. "ಅಳಿಸಿದ ಮೇಲೆ ಇದರಲ್ಲಿ ಏನಾದ್ರೂ ಹೊಸದು ಹಾಕಿದ್ರಾ?" ಎಂದಷ್ಟೇ ಕೇಳಿದಳು.

"ಇಲ್ಲ. ಆಮೇಲೆ ಅದು ಎದ್ದೇ ಇಲ್ಲವಲ್ಲ."

"ಹಾಗಾದ್ರೆ ನೀವು ಅದನ್ನ ಏಳದ ಹಾಗೆ ಮಾಡಿದ್ದೇ ಒಳ್ಳೇದಾಯ್ತು," ಎಂದು ಪುಟ್ಟಿ ಒಂದು ಪೆನ್ ಡ್ರೈವ್ ತೆಗೆದು ಚುಚ್ಚಿದಳು. "ಕೇಳಿ, ಅಳಿಸೋದು ಅಂದ್ರೆ ಸುಡೋದಲ್ಲ. ನಿಮ್ಮ ಭಾಷೇಲಿ ಹೇಳ್ಬೇಕಂದ್ರೆ, ಕಪಾಟಿನ ಮೇಲಿನ ಚೀಟಿ ಕಿತ್ತಿದ್ದೀರಿ, ಅಷ್ಟೇ. ಚೀಟಿ ಇಲ್ಲ ಅಂದ್ರೆ ಕಂಪ್ಯೂಟರಿಗೆ ಆ ಜಾಗ ಖಾಲಿ. ಆದ್ರೆ ಬೇರೆ ಸರಕು ತಂದು ಅಲ್ಲಿ ಇಡೋವರೆಗೂ ಹಳೇದು ಅಲ್ಲೇ ಕೂತಿರುತ್ತೆ. ಇದು ತಿರುಗೋ ತಟ್ಟೆಯ ಹಳೇ ಡಿಸ್ಕು, ಅದೇ ನಮ್ಮ ಪುಣ್ಯ. ಹೊಸ ತರದ್ದಾಗಿದ್ರೆ ಆಗ್ಲೇ ಒಳಗೆಲ್ಲ ಗುಡಿಸಿ ಹಾಕ್ತಿತ್ತು."

ಉಗ್ರಾಣಮ್ಮ ಕುರ್ಚಿಯ ಅಂಚಿಗೆ ಜರುಗಿದಳು. ಪೆನ್ ಡ್ರೈವಿನಿಂದ ಎರವಲು ಜೀವ ಪಡೆದು ಕಂಪ್ಯೂಟರ್ ಎದ್ದಿತು. ಅದರ ಸ್ವಂತ ಡಿಸ್ಕು ಮಾತ್ರ ಪ್ರಜ್ಞೆ ತಪ್ಪಿದ ರೋಗಿಯ ಹಾಗೆ ಪಕ್ಕದಲ್ಲಿ ಮಲಗಿತ್ತು. ಪುಟ್ಟಿ ಅದರ ಮೇಲೆ ಒಂದಕ್ಷರವನ್ನೂ ಬರೆಯದೆ, ಬರೀ ಓದುತ್ತ ಹೋಗುವ ಪ್ರೋಗ್ರಾಂ ಒಂದನ್ನು ಹಚ್ಚಿದಳು. ಪರದೆಯ ಮೇಲೆ ಹೆಸರುಗಳು ಏರತೊಡಗಿದವು. ನಿಲ್ಲಲೇ ಇಲ್ಲ. ಇಷ್ಟು ದಿನ ಧೂಳು ಒರೆಸಿದ ಈ ಪೆಟ್ಟಿಗೆಯೊಳಗೆ ಇಷ್ಟೊಂದು ಇತ್ತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ಇವೆಲ್ಲ ಏನೇ ಪುಟ್ಟಿ?"

"ಆಳುಗಳು ಅಂದ್ಕೊಳ್ಳಿ. ಇದು ಗಂಟೆ ನೋಡ್ಕೊಳ್ಳುತ್ತೆ. ಇದು ದೊಡ್ಡಪ್ಪ ಒತ್ತಿದ ಕೀಲಿಯಿಂದ ಅಕ್ಷರ ಹೊತ್ತು ತರುತ್ತೆ. ಇದು ಬಿಸಿ ಏರಿದ್ರೆ ಫ್ಯಾನ್ ತಿರುಗಿಸುತ್ತೆ. ಇದಿದೆ ನೋಡಿ, ಇದೇ ಎಬ್ಬಿಸೋದು. ಬೆಳಿಗ್ಗೆ ಒಂದು ಕ್ಷಣ ಬಂದು ಬಾಗಿಲು ತೆಗೆದು ಎಲ್ಲರನ್ನೂ ಎಬ್ಬಿಸಿ ಹೋಗಿ ಮಲಗಿಬಿಡುತ್ತೆ. ನೀವು ಅಳಿಸೋಕೆ ಕೂತಾಗ ಎಚ್ಚರ ಇದ್ದವು ನಾನು ಕೆಲಸದಲ್ಲಿದೀನಿ ಅಂತ ಕೂಗಿ ತಪ್ಪಿಸ್ಕೊಂಡ್ವು. ಇದು ಪಾಪ, ಮಲಗಿತ್ತು."

"ಇದನ್ನ ತಂದಾಗಿನಿಂದ ಯಾರೂ ಮುಟ್ಟೇ ಇಲ್ಲ ಅಂತ ತೋರಿಸ್ತಿತ್ತು ಕಣೆ."

"ಮುಟ್ಟೋದೇನಿದೆ ದೊಡ್ಡಮ್ಮ? ಸರಿಯಾಗಿರೋದನ್ನ ಯಾರೂ ಮುಟ್ಟಲ್ಲ."

ಉಗ್ರಾಣಮ್ಮ ಮೂಗಿನ ಮೇಲೆ ಬೆರಳಿಟ್ಟು ಕೂತಳು. ಅಪ್ಪಣೆ ಕೊಡುವವರಿಲ್ಲ, ಭೇಷ್ ಎನ್ನುವವರಿಲ್ಲ, ಆದರೂ ಇಷ್ಟೊಂದು ಆಳುಗಳು ಅಳುಕದೆ ದುಡಿಯುವ ಉಗ್ರಾಣ! ತಾನು ಆಳಿದ್ದು ಉಗ್ರಾಣವೇ ಅಲ್ಲ, ಮಕ್ಕಳ ಆಟದ ಡಬ್ಬಿ ಎನಿಸಿತು ಅವಳಿಗೆ. ಹೀಗೆನ್ನಿಸಿದ್ದಕ್ಕೆ ಅವಮಾನವಾಗಲಿಲ್ಲ. ಸಮುದ್ರವನ್ನು ಮೊದಲ ಸಲ ನೋಡಿದವರ ಹಾಗೆ ಸುಮ್ಮನೆ ನೋಡುತ್ತಿದ್ದಳು.

ಕೊನೆಗೆ ದನಿಯ ಫೈಲುಗಳು ಬರಲು ಶುರುವಾದವು. ಹೆಸರಿಲ್ಲ, ತಾರೀಖಿಲ್ಲ, ಚೀಟಿ ಹರಿದ ಸರಕು. ಒಳಗೆ ಏನಿದೆಯೆಂದು ತಿಳಿಯಲು ಕೇಳಿಯೇ ನೋಡಬೇಕು. ಪುಟ್ಟಿ ಮೊದಲನೆಯದನ್ನು ಒತ್ತಿದಳು. ಬರೀ ಗರಗರ ಸದ್ದು. ಎರಡನೆಯದೂ ಗರಗರ. ಪುಟ್ಟಿ ತುಟಿ ಕಚ್ಚಿದಳು. ಉಗ್ರಾಣಮ್ಮ ಜೀವವನ್ನು ಕೈಯಲ್ಲಿ ಹಿಡಿದು ಕೂತಿದ್ದಳು.

ಮುಂದಿನದು, "ಸ್ವಲ್ಪ ನೀರು ಕೊಡು" ಎಂದಿತು. ಸ್ಪಷ್ಟವಾಗಿ, ಅವನದೇ ದನಿಯಲ್ಲಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ಬಾಗಿಲು ಹಾಕಿಕೋ." "ಇವತ್ತು ಯಾವ ವಾರ?" "ನಾಳೆ ನೋಡೋಣ." ಒಂದಾದ ಮೇಲೊಂದು ಮಾತು ಕತ್ತಲಿಂದ ಎದ್ದು ಬರುತ್ತಿತ್ತು. ಕೊಂಡಿಯಿಲ್ಲ, ಕ್ರಮವಿಲ್ಲ.

ಆಮೇಲೆ ಬಂದದ್ದು ಲೆಕ್ಕದಲ್ಲಿಲ್ಲದ, ತಪ್ಪಾಗಿ ರೆಕಾರ್ಡಾಗಿದ್ದ ಫೈಲು. ಅದರಲ್ಲಿ ಅವನು ಯಾವುದೋ ವಾಕ್ಯ ಶುರುಮಾಡಿ ತಡವರಿಸುತ್ತಾನೆ. ದೂರದಲ್ಲಿ ಪಾತ್ರೆ ಬೀಳುತ್ತದೆ. "ರೀ, ಊಟಕ್ಕೆ ಬರ್ತೀರೋ, ಆ ಪೆಟ್ಟಿಗೆಗೇ ಬಡಿಸ್ಲೋ?" ಎಂದು ಅವಳದೇ ದನಿ ಗದರುತ್ತದೆ. "ಬಂದೆ ಕಣೆ, ಇನ್ನೊಂದೇ ವಾಕ್ಯ" ಎನ್ನುತ್ತಾನೆ ಅವನು, ಆಮೇಲೆ ನಗುತ್ತಾನೆ. ಉಸಿರು ತುಂಬಿದ, ಗಂಟಲಿಂದ ಬಂದ ನಗು. ಕಂಪ್ಯೂಟರಿಗೆ ಆ ನಗುವನ್ನು ಯಾರೂ ಕಲಿಸಿರಲಿಲ್ಲ. ಆಪರೇಷನ್ ಆದಂದಿನಿಂದ ಅವಳು ಅದನ್ನು ಕೇಳಿರಲಿಲ್ಲ. ಇನ್ನು ಕೇಳುತ್ತೇನೆಂದೂ ಅಂದುಕೊಂಡಿರಲಿಲ್ಲ.

ಉಗ್ರಾಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಿರುಗಿ ನೋಡಿದರೆ ಒಳಕೋಣೆಯ ಬಾಗಿಲಲ್ಲಿ ಗಂಡ ನಿಂತಿದ್ದ. ತನ್ನ ನಗುವನ್ನು ತಾನೇ ಕೇಳಿ ಎದ್ದುಬಂದಿದ್ದ.

ಸಿಕ್ಕಿದ್ದನ್ನೆಲ್ಲ ಪುಟ್ಟಿ ಮೊದಲು ಬೇರೆ ಡಿಸ್ಕಿಗೆ ಇಳಿಸಿದಳು. "ಎರಡು ಡಿಸ್ಕಿಗೆ ಹಾಕೇ," ಎಂದಳು ಉಗ್ರಾಣಮ್ಮ. ಕೆಲವು ಮಾತುಗಳು ಸಿಗಲೇ ಇಲ್ಲ. "ಸಾಕು ಅನ್ನೋದು ಹೋಗಿದೆ ದೊಡ್ಡಪ್ಪ. ಇನ್ಮೇಲೆ ದೊಡ್ಡಮ್ಮ ಬಡಿಸಿದಷ್ಟೂ ತಿನ್ನಬೇಕು ನೀವು," ಎಂದು ಪುಟ್ಟಿ ನಕ್ಕಳು. ಆಮೇಲೆ ಅಳಿದುಹೋದ ಆಳುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಅವರವರ ಜಾಗದಲ್ಲಿ ನಿಲ್ಲಿಸಿ, ದನಿಯನ್ನೂ ವಾಪಸು ತುಂಬಿ, ನಿಜವಾದ ಕಸವನ್ನಷ್ಟೇ ತೆಗೆದು ಜಾಗ ಮಾಡಿ, ಪೆನ್ ಡ್ರೈವ್ ಕಿತ್ತು, ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದಳು. ಮೂವರೂ ಉಸಿರು ಬಿಗಿಹಿಡಿದು ಕಪ್ಪು ಪರದೆ ನೋಡಿದರು. ಯಾರೂ ಮುಟ್ಟದ ಆ ಫೈಲು ಎದ್ದು ಬಾಗಿಲು ತೆಗೆಯಿತು. ಬೆಳಕು ಬಂತು.

ಗಂಡ ಕೂತು, ಬೆರಳು ಆಡಿಸಿ, ತುಂಬ ಹೊತ್ತು ಟೈಪ್ ಮಾಡಿದ. ದನಿ ಎಳೆಯದೆ ಹೊರಟಿತು, ಬಸ್ ನಿಲ್ದಾಣದ ಠೀವಿಯಲ್ಲೇ.

"ಉಗ್ರಾಣಮ್ಮನವರ ಗಮನಕ್ಕೆ. ಈ ಮನೆಯಲ್ಲಿ ಇನ್ನೊಂದು ಹಳೆಯ ಸರಕು ಇದೆ. ಅದನ್ನೂ ವರ್ಷದಿಂದ ಯಾರೂ ಮುಟ್ಟಿಲ್ಲ. ದಯವಿಟ್ಟು ಕಸಕ್ಕೆ ಹಾಕಬೇಡಿ."

ಪುಟ್ಟಿ ಜೋರಾಗಿ ನಕ್ಕಳು. ನಗುತ್ತ ದೊಡ್ಡಮ್ಮನ ಮುಖ ನೋಡಿ, ನೀರು ಕುಡಿದು ಬರುತ್ತೇನೆಂದು ಅಡುಗೆಮನೆಗೆ ಹೋದಳು.

ಅವನು ಹೇಳಿದ್ದು ಸುಳ್ಳಲ್ಲ. ಅವನ ಕತ್ತಿನಲ್ಲಿ ಉಸಿರಿಗೆಂದು ಬಿಟ್ಟ ಸಣ್ಣ ರಂಧ್ರ, ಅದರ ಮೇಲೊಂದು ಬಿಳಿ ಬಟ್ಟೆ. ಎಲ್ಲಿ ನೋವಾಗುತ್ತದೋ, ಎಲ್ಲಿ ಉಸಿರು ಕಟ್ಟುತ್ತದೋ ಎಂಬ ಹೆದರಿಕೆಗೆ ಉಗ್ರಾಣಮ್ಮ ಆಪರೇಷನ್ ಆದಾಗಿನಿಂದ ತನ್ನ ಮಂಚವನ್ನೇ ಬೇರೆ ಮಾಡಿಕೊಂಡಿದ್ದಳು. ಔಷಧಿ ಕೊಡುತ್ತಿದ್ದಳು, ತಟ್ಟೆ ಇಡುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು. ಎಲ್ಲವೂ ಒಂದು ಮಾರು ದೂರದಿಂದ. ಅವನೂ ಕೇಳಿರಲಿಲ್ಲ.

ಅವಳು ಎದ್ದು ಕುರ್ಚಿಯ ಹಿಂದೆ ಹೋಗಿ ನಿಂತು, ಬಿಳಿ ಬಟ್ಟೆಯ ಪಕ್ಕಕ್ಕೆ, ಕಿವಿಯ ಕೆಳಗೆ, ಮೆಲ್ಲಗೆ ಅಂಗೈ ಇಟ್ಟಳು. ಅವನು ಕಣ್ಣು ಮುಚ್ಚಿದ. ಬೆಚ್ಚಗಿನ ಚರ್ಮದ ಕೆಳಗೆ ನಾಡಿ ಹೊಡೆದುಕೊಳ್ಳುತ್ತಿತ್ತು. ಯಾರೂ ಎಬ್ಬಿಸದೆ, ಯಾರೂ ಹೇಳದೆ, ಇಷ್ಟು ದಿನವೂ ಹೊಡೆದುಕೊಳ್ಳುತ್ತಲೇ ಇತ್ತು. ಪುಟ್ಟಿ ಅಡುಗೆಮನೆಯಿಂದ ಬರುವವರೆಗೂ ಅವಳು ಕೈ ತೆಗೆಯಲಿಲ್ಲ. ಬಂದ ಮೇಲೂ ತೆಗೆಯಲಿಲ್ಲ.