ರೊಟ್ಟಿ ಬಡಿಯಲು ಕರೆ

ಓಣಿಯ ಹೆಂಗಸರೆಲ್ಲ ಸೆರಗು ಬಿಗಿದು ಮುದಕಮ್ಮನ ಮನೆಗೆ ಹೊರಟಿದ್ದನ್ನು ಪಕ್ಕೀರವ್ವ ಕಟ್ಟೆಯ ಮೇಲೆ ಕೂತು ನೋಡಿದಳು. ಮದುವೆ ಮನೆಯ ರೊಟ್ಟಿ ಬಡಿಯಲು ಎಲ್ಲರಿಗೂ ಕರೆ ಬಂದಿದೆ, ತನಗೊಬ್ಬಳಿಗೆ ಇಲ್ಲ! ಕುಷ್ಟಗಿಯ ಈ ಓಣಿಗೆ ಸೊಸೆಯಾಗಿ ಬಂದಾಗಿನಿಂದ ಅವಳ ಕೈ ತಾಗದ ಮದುವೆ ರೊಟ್ಟಿ ಇತ್ತೇ? ಅದೂ ಗೆಳತಿ ಮುದಕಮ್ಮನ ಮೊಮ್ಮಗಳ ಮದುವೆ. ಕರೆಯಲಿಲ್ಲವೆಂದರೆ ಒಂದೋ ಜಗಳವಾಗಿರಬೇಕು, ಇಲ್ಲ ತಾನು ಸತ್ತಿರಬೇಕು. ಜಗಳವಂತೂ ಆಗಿರಲಿಲ್ಲ.

"ಲಲಿತಾ, ಕರಿಯಾಕ ಯಾರೂ ಬರಲಿಲ್ಲೇನು?"

ಸೊಸೆ ಒಳಗಿಂದಲೇ ಹೇಳಿದಳು. "ಅವರ ಸಣ್ಣ ಮೊಮ್ಮಗಳು ಮೇಘಾ ಬಂದಿದ್ಲರಿ ಅತ್ತಿ. ನಿಮಗ ವಯಸ್ಸಾಗೈತಿ, ಮೊಣಕಾಲು ನೋವು, ಆಗಂಗಿಲ್ಲ ಅಂತ ನಾನ ಹೇಳಿ ಕಳಿಸೀನ್ರಿ."

ಪಕ್ಕೀರವ್ವನ ಮೈಯೆಲ್ಲ ಉರಿಯಿತು. "ಆಗಂಗಿಲ್ಲಾಂತ ನಿನಗ ಯಾರ್ ಹೇಳಿದ್ರು? ಮುಂಜಾನಿ ನೀ ತಿಂದ ರೊಟ್ಟಿ ಯಾರ್ ಬಡದದ್ದು? ಮನ್ಯಾಗ ಆಕ್ಕತಿ, ಮಂದ್ಯಾಗ ಆಗಂಗಿಲ್ಲ?"

"ನಿಮ್ಮ ಒಳ್ಳೇದಕ್ಕರಿ..." ಎನ್ನುವಷ್ಟರಲ್ಲಿ ಮುದುಕಿ ರೊಟ್ಟಿ ಬಡಿಯುವ ಮಣೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಬಿದ್ದಿದ್ದಳು. ದಾರಿಯುದ್ದಕ್ಕೂ ಮುದಕಮ್ಮನಿಗೂ ಬೈಗುಳ. ಸೊಸೆ ಬೇಡವೆಂದರೆ ನಂಬಿಬಿಡುವುದೇ? ಗೆಳತಿಯಾದವಳು ತಾನೇ ಬಂದು ಕೇಳಿದ್ದರೆ ಗಂಟೇನು ಹೋಗುತ್ತಿತ್ತು?

ಮದುವೆ ಮನೆಯ ಅಂಗಳದಲ್ಲಿ ಹೆಂಚುಗಳು ಕಾದಿದ್ದವು. ಪಟಪಟ ಸದ್ದು, ನಗು, ಹೊಗೆ. ಮುದಕಮ್ಮ ಮಾತ್ರ ಹಂದರದ ಮೂಲೆಯಲ್ಲಿ ಹೊಸ ಸೀರೆಯುಟ್ಟು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಅವಳ ಕಣ್ಣುಗಳು ಕೆಂಪಗಾಗಿದ್ದವು.

"ಏನವಾ, ನಾ ಸತ್ತೀನಂತ ತಿಳಕೊಂಡೀಯೇನು?"

"ನಿನ್ನ ಕರಿಯಾಕ ನಾನ ಹೊಂಟಿದ್ದೆ, ಮನ್ಯಾಗಿನವರು ಬಿಡಲಿಲ್ಲ," ಎಂದಳು ಮುದಕಮ್ಮ. "ಹಿಟ್ಟಿಗೆ ಕೈ ಹಾಕಿದೆ. ಕೈ ತೊಳಿಸಿ ಇಲ್ಲಿ ತಂದು ಕುಂದರಿಸ್ಯಾರ. ಫೋಟೋಕ್ಕ ಛಲೋ ಕಾಣತೀನಂತ."

ಬೈಯಲು ಬಂದ ಪಕ್ಕೀರವ್ವ ಗೆಳತಿಯ ಪಕ್ಕಕ್ಕೆ ಹೋಗಿ ನಿಂತಳು. ಅಷ್ಟರಲ್ಲಿ ಮೇಘಾ ಓಡಿಬಂದಳು. "ಆಯಿ, ನಿಮಗೂ ಒಂದು ಕುರ್ಚಿ ತರಲೇನ್ರಿ? ಆರಾಮ ಕುಂದರ್ರಿ."

"ಕುರ್ಚಿ ಯಾಕವಾ?" ಪಕ್ಕೀರವ್ವನ ದನಿ ಅಂಗಳಕ್ಕೆಲ್ಲ ಕೇಳಿತು. "ನಾವೇನು ಬಾಡಿಗಿ ತಂದ ಸಾಮಾನೇನು, ಮೂಲ್ಯಾಗ ಒಟ್ಟಾಕ? ನಮ್ಮ ಕೈ ಸೋತಾಗ ನಾವ ಹೇಳತೀವಿ. ನೀವು ಹೇಳಬ್ಯಾಡ್ರಿ!"

ಬಡಿಯುವ ಕೈಗಳು ನಿಂತವು. ಯಾವುದೋ ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಮುದಕಮ್ಮ ಕೈಯೂರಿ ಎದ್ದು, ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಮೇಘಾ, ಬೆಂದ ರೊಟ್ಟಿ ಈ ಕುರ್ಚಿ ಮ್ಯಾಲೆ ಒಟ್ಟು. ಫೋಟೋನೂ ಅದರದ ತಗಿ. ನಮಗ ಕೆಲಸ ಐತಿ."

ಹೆಂಗಸರು ಸರಿದು ಇಬ್ಬರಿಗೂ ಜಾಗ ಬಿಟ್ಟರು. ಪಕ್ಕೀರವ್ವ ಮಣೆಯಿಟ್ಟು ಕೂತಳು. ಮೊಣಕಾಲು ನೋಯುತ್ತಿತ್ತು, ನಿಜ. ಅದನ್ನು ಯಾರಿಗೂ ಹೇಳುವ ಗರಜು ಅವಳಿಗಿರಲಿಲ್ಲ.