ಸೂಜಿ ಪೋಣಿಸಿದರೆ ಕೀಲಿ

ರಾತ್ರಿ ಬಸ್ಸಿನ ಡ್ರೈವರ್ ಬೆಳಿಗ್ಗೆ ಮನೆಗೆ ಬಂದವನೇ, ಚಪ್ಪಲಿ ಬಿಡುವ ಮೊದಲೇ ಕೈ ಚಾಚಿದ. "ಕೀಲಿ ಕೊಡೆ."

ಹೆಂಡತಿ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. ಒಂದು ಸೂಜಿ, ಒಂದೆಳೆ ಬಿಳಿ ದಾರ ಮುಂದಿಟ್ಟಳು. "ಮೊದ್ಲು ಪೋಣಿಸ್ರೀ."

ಅಡುಗೆಮನೆಯ ಹಿಂದಿನ ಸಾಮಾನು ಕೋಣೆಯೇ ಅವನ ಪ್ರಯೋಗಶಾಲೆ. ಅಲ್ಲಿ ಗಾಜಿನ ಜಾಡಿಯೊಳಗೆ ಮೈಲುತುತ್ತದ ನೀಲಿ ಹರಳೊಂದು ಹೆಬ್ಬೆರಳ ಗಾತ್ರಕ್ಕೆ ಬೆಳೆದು ತೂಗುತ್ತಿತ್ತು. ಸೂಜಿಯ ಕಾನೂನು ಬಂದದ್ದು ಹೋದ ತಿಂಗಳು. ಡ್ಯೂಟಿ ಮುಗಿಸಿ ಬಂದು, ತೂಕಡಿಸುತ್ತ, ಆ ವಿಷದ ತುತ್ತ ಕಲಕಿದ ಕಡ್ಡಿಯಲ್ಲೇ ಚಹಾ ಕಲಕಿ ಲೋಟ ಬಾಯಿಗೆತ್ತಿದ್ದ. ಅವಳು ಲೋಟಕ್ಕೆ ಕೊಟ್ಟ ಏಟಿಗೆ ಗೋಡೆಯ ಮೇಲೆ ಈಗಲೂ ಕಲೆಯಿದೆ. ಕಣ್ಣಲ್ಲಿ ನಿದ್ದೆಯಿಲ್ಲವೆಂದು ಸೂಜಿ ಪೋಣಿಸಿ ತೋರಿಸಿದರಷ್ಟೇ ಕೀಲಿ, ಇನ್ನೊಮ್ಮೆ ನಿದ್ದೆಗಣ್ಣಲ್ಲಿ ಒಳಗೆ ಕಾಲಿಟ್ಟರೆ ಪ್ರಯೋಗಶಾಲೆಯೇ ಬಂದ್ ಎಂದಿದ್ದಳು.

ಆದರೆ ಇವತ್ತು ಅವನಿಗೆ ಅವಸರ. ಜಾಡಿಯ ತಳದಲ್ಲಿ ಮರಿ ಹರಳುಗಳು ಹುಟ್ಟಿಕೊಂಡಿದ್ದವು. ನೀರು ಸೋಸದಿದ್ದರೆ ದೊಡ್ಡದಕ್ಕೆ ಅಂಟಿಕೊಳ್ಳುತ್ತವೆ. ತನ್ನನ್ನು 'ವಿಜ್ಞಾನಿಗಳೇ' ಎಂದು ಕಾಡುವ ಕಂಡಕ್ಟರನಿಗೆ, ನಾಳೆ ಒಂದು ಕುಂದೂ ಇಲ್ಲದ ಹರಳು ತೋರಿಸುತ್ತೇನೆಂದು ಜಂಬ ಕೊಚ್ಚಿ ಬಂದಿದ್ದ.

ದಾರ ಸೂಜಿಯ ಎಡಕ್ಕೆ ಹೋಯಿತು. ಬಲಕ್ಕೆ ಹೋಯಿತು.

"ಕಣ್ಣು ತೀರಾ ಚಿಕ್ಕದು ಕಣೆ."

"ಯಾರ್ದು, ಸೂಜೀದಾ, ನಿಮ್ದಾ?"

ರವಿಕೆಯ ತೋಳು ಸಡಿಲ ಮಾಡಿಸಲು ಬಂದಿದ್ದ ಗಿರಾಕಿ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ಹೆಂಡತಿ ಅವಳ ತೋಳಿನ ಅಳತೆಗೆ ತಿರುಗಿದ್ದೇ ತಡ, ಸೂಜಿ ಚುಚ್ಚಿಟ್ಟಿದ್ದ ಪುಟ್ಟ ದಿಂಬಿನಿಂದ ಇವನು ಮೊದಲೇ ಪೋಣಿಸಿದ್ದೊಂದನ್ನು ಲಪಟಾಯಿಸಿದ.

"ತಗೋ. ಕೊಡೀಗ ಕೀಲಿ."

ಅವಳು ಸೂಜಿ ನೋಡಿದಳು, ಅವನ ಮುಖ ನೋಡಿದಳು. "ನಾನ್ ಕೊಟ್ಟ ದಾರ ಯಾವ ಬಣ್ಣ?"

"ಬಿಳಿ."

"ನಿಮ್ಮ ಕೈಲಿರೋದು?"

ಮೂಗಿನ ಹತ್ತಿರ ತಂದು ನೋಡಿದ. ಟೊಮೆಟೊದಷ್ಟು ಕೆಂಪು.

ಸಿಕ್ಕಿಬಿದ್ದ ನಾಚಿಕೆ ಆಮೇಲಿನ ಮಾತು. ಕಣ್ಣೆದುರಿನ ಬಣ್ಣವೇ ತನಗೆ ಕಾಣಲಿಲ್ಲವಲ್ಲ! ಪ್ರಯೋಗಶಾಲೆಯೊಳಗೆ ಸ್ಪಿರಿಟ್ ಬಾಟಲಿಗೆ ಕೆಂಪು ಚೀಟಿ, ನೀರಿನ ಬಾಟಲಿಗೆ ಬಿಳಿ. ಅಂಟಿಸಿದವನು ತಾನೇ.

"ಅಣ್ಣಾ," ಗಿರಾಕಿ ಮೆಲ್ಲಗೆ ಕೇಳಿದಳು, "ರಾತ್ರಿ ಕೆಂಪು ದೀಪ ಆದ್ರೂ ಕಾಣ್ಸುತ್ತಾ?"

"ಡ್ಯೂಟಿಗೆ ಹೋಗೋವಾಗ ಕಣ್ತುಂಬ ನಿದ್ದೆ ಮಾಡೇ ಹೋಗೋದಮ್ಮ."

"ಸರಿ ಬಿಡಿ. ಆದ್ರೂ ನಾನು ಮುಂದಿನ ವಾರ ರೈಲಲ್ಲೇ ಹೋಗ್ತೀನಿ."

ಅವನು ಸೂಜಿಯನ್ನು ದಿಂಬಿಗೆ ಚುಚ್ಚಿದ. "ಮಲಗ್ತೀನಿ ಕಣೆ. ಹರಳು ಏನಾದ್ರೂ ಆಗ್ಲಿ."

ಅವನ ಸಪ್ಪೆ ಮುಖ ನೋಡಿ ಅವಳಿಗೆ ಪಾಪ ಅನ್ನಿಸಿತು. "ಹೇಳ್ಕೊಡಿ, ನಾನೇ ಸೋಸ್ತೀನಿ."

"ಮೊದ್ಲು ಕಿಟಕಿ ತೆಗಿ," ಎಂದ ಹಾಸಿಗೆಯಿಂದ. "ಗ್ಲೌಸ್ ಹಾಕ್ಕೋ, ಕಣ್ಣಿಗೆ ಕನ್ನಡಕ. ಆಮೇಲೆ ಜಾಡೀನ..."

ಜಾಡಿಯನ್ನು ಏನು ಮಾಡಬೇಕೆಂಬುದು ಗೊರಕೆಯಲ್ಲಿ ಮುಳುಗಿತು. ಅರ್ಧ ಪಾಠ ಕೇಳಿ ಪ್ರಯೋಗಕ್ಕಿಳಿಯಲು ಅವಳೇನು ಅವನೇ? ಕೀಲಿ ಸೊಂಟದಲ್ಲೇ ಉಳಿಯಿತು.

ಸಂಜೆ ಎದ್ದವನು ಒಂದೇ ಏಟಿಗೆ ಪೋಣಿಸಿ ಬಾಗಿಲು ತೆರೆಸಿದ. ಹರಳಿನ ಪಕ್ಕೆಗೆ ಮರಿಯೊಂದು ನರಹುಲಿಯಂತೆ ಕಚ್ಚಿ ಕೂತಿತ್ತು. ಇಬ್ಬರೂ ಬಗ್ಗಿ ನೋಡಿದರು.

"ಕಂಡಕ್ಟರ್ ಸುಮ್ನೆ ಬಿಡ್ತಾನಾ? ಏನಂತೀರಿ ಅವನಿಗೆ?"

"ನಾನು ಮಲಗಿದ್ದಾಗ ಹುಟ್ಟಿದ್ದು, ನನಗೇನೂ ಗೊತ್ತಿಲ್ಲ ಅಂತೀನಿ," ಎನ್ನುತ್ತ ಗ್ಲೌಸಿಗೆ ಕೈ ತೂರಿಸಿದ.