ಓಗೊಡದವಳು

ಪ್ರಕಾಶಕರು ಫೋನ್ ಮಾಡಿದಾಗ ನಾನು ಅತ್ತೆಯ ಕಣ್ಣಿಗೆ ಹನಿ ಹಾಕುತ್ತಿದ್ದೆ. ನನ್ನ ಗಂಡ ತೀರಿಹೋಗಿ ಆಗ ಐದು ತಿಂಗಳು. ಅವನು ಬರೆದಿಟ್ಟಿದ್ದ ಕಾದಂಬರಿಯನ್ನು ಅಚ್ಚು ಹಾಕುತ್ತೇವೆ ಎಂದರು. ಒಪ್ಪಂದಕ್ಕೆ ತಾಯಿ, ಹೆಂಡತಿ ಇಬ್ಬರ ಸಹಿಯೂ ಬೇಕು. ಜೊತೆಗೆ, ಪುಸ್ತಕದ ಮೊದಲಲ್ಲಿ ಹಾಕಲು ನಾನು ನಾಲ್ಕು ಪುಟ ಬರೆದುಕೊಡಬೇಕು.

"ಅದರಲ್ಲಿ ಒಬ್ಬರಿಗೂ ಹೆಸರಿಲ್ಲ ನೋಡಿ. ಅಂಬಿಗ, ನೂಲಿನ ತಾಯಿ, ತಕ್ಕಡಿ ಮುದುಕ... ಸ್ವಂತ ಬದುಕನ್ನೇ ಬರೆದಿದ್ದಾರೆ ಅನ್ನೋದು ಗೊತ್ತಾಗುತ್ತೆ, ಆದರೆ ಯಾರು ಯಾರು ಅಂತ ಓದುವವರಿಗೆ ತಿಳೀಬೇಡ್ವಾ? ನೀವು ಇದನ್ನೇ ಓದಿದವರು."

ನಿಜ, ನಾನು ಇದನ್ನೇ ಓದಿದವಳು. ಎಂ.ಎ.ಯಲ್ಲಿ ಪ್ರತಿಮೆಗಳ ಮೇಲೆ ಪ್ರಬಂಧ ಬರೆದು, ಈಗ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ತಾಯಿ, ನೆರಳು, ದಾಟಿಸುವವನು, ತಡೆಯುವವಳು. ಯಾವ ಕತೆ ಕೊಟ್ಟರೂ ಅರ್ಧ ಗಂಟೆಯಲ್ಲಿ ಗೆರೆ ಎಳೆದು, ಖಾನೆ ಮಾಡಿ, ಪಾತ್ರಗಳನ್ನು ತುಂಬಬಲ್ಲೆ. ಈ ಕಾರಣಕ್ಕೇ ಅವನು ಬದುಕಿದ್ದಾಗ ನನಗೆ ಒಂದು ಹಾಳೆಯನ್ನೂ ತೋರಿಸಿರಲಿಲ್ಲ. "ನೀನು ನಮ್ಮಮ್ಮನ್ನೂ ಖಾನೆಗೆ ಹಾಕ್ತೀಯ," ಎನ್ನುತ್ತಿದ್ದ.

ಸಹಿಯ ಮಾತೆತ್ತಿದಾಗ ಅತ್ತೆ ಆಗದು ಎಂಬಂತೆ ತಲೆಯಾಡಿಸಿದರು.

"ಮೂವತ್ತು ವರ್ಷ ಓದದ ಪುಸ್ತಕಕ್ಕೇ ದಾರ ಹಾಕಿದೀನಿ ಕಣಮ್ಮ. ಇದೊಂದನ್ನ ಪೂರ್ತಿ ಕೇಳಿಯೇ ಸಹಿ ಹಾಕ್ತೀನಿ. ಓದು."

ಅತ್ತೆ ಬೈಂಡಿಂಗ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಹಾಳೆ ಮಡಚುವುದು, ಜೋಡಿಸುವುದು, ಹೊಲಿಯುವುದು. ಮೂರು ವರ್ಷದಿಂದ ಕಣ್ಣು ಸ್ವಲ್ಪಸ್ವಲ್ಪವಾಗಿ ಹೋಗಿ, ಈಗ ಬೆಳಕು ಯಾವ ಕಡೆಯಿದೆ ಎನ್ನುವುದಷ್ಟೇ ತಿಳಿಯುತ್ತದೆ. ಮಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ. ತಾಯಿಗೆ ಹೊಂದುವ ಗಾಜು ಮಾತ್ರ ಅವನಿಗೆ ಸಿಗಲಿಲ್ಲ.

ಸತ್ತದ್ದೂ ಅಲ್ಲೇ, ಅಂಗಡಿಯ ಹಿಂದಿನ ಕೋಣೆಯಲ್ಲಿ. ಮಾಲೀಕರು ಊಟಕ್ಕೆ ಹೋಗಿದ್ದರು. ಅವರು ಬಂದಾಗ ಉಜ್ಜುವ ಯಂತ್ರ ತಿರುಗುತ್ತಲೇ ಇತ್ತಂತೆ, ಇವನು ಅದರ ಪಕ್ಕ ಕೆಳಗೆ ಬಿದ್ದಿದ್ದನಂತೆ. ವಯಸ್ಸು ಮೂವತ್ತನಾಲ್ಕು. ಹೃದಯ ಎಂದರು.

ಅತ್ತೆ ಐದು ತಿಂಗಳಿಂದ ಒಂದೇ ಪ್ರಶ್ನೆ ಕೇಳುತ್ತಿದ್ದರು. ಬಟ್ಟೆ ಮಡಚುವಾಗ, ಕಾಫಿ ಲೋಟ ಕೈಗೆ ಕೊಟ್ಟಾಗ, ಹೊತ್ತು ಗೊತ್ತಿಲ್ಲದೆ.

"ಯಾರನ್ನೂ ಕರೀಲಿಲ್ವಾ ಅವನು?"

"ಇಲ್ಲ ಅತ್ತೆ. ಅಷ್ಟು ಹೊತ್ತೇ ಇರಲಿಲ್ಲ ಅಂದರು ಡಾಕ್ಟರು."

ಡಾಕ್ಟರು ಹಾಗೆ ಹೇಳಿರಲಿಲ್ಲ. ಇಪ್ಪತ್ತು ನಿಮಿಷ ಇದ್ದಿರಬಹುದು ಎಂದಿದ್ದರು. ಆ ಇಪ್ಪತ್ತು ನಿಮಿಷದಲ್ಲಿ ಅವನು ನನಗೆ ಮೂರು ಸಲ ಫೋನ್ ಮಾಡಿದ್ದ. ಮೂರು ಸಲವೂ ಹೆಸರು ನೋಡಿ, ಫೋನನ್ನು ಮೇಜಿನ ಮೇಲೆ ಬೋರಲು ಮಲಗಿಸಿದ್ದೆ. ಅವನ ಫೋನು ಬಿದ್ದು ಒಡೆದುಹೋಗಿತ್ತು. ನನ್ನದರಲ್ಲಿದ್ದ ಆ ಮೂರು ಕರೆಗಳ ಸಾಲುಗಳನ್ನು ಆಸ್ಪತ್ರೆಯ ಕೈತೊಳೆಯುವ ಜಾಗದಲ್ಲಿ ನಿಂತು ಅಳಿಸಿಹಾಕಿದೆ. ಆಮೇಲೆ ಅಳು ಬರಲಿಲ್ಲ. ಹಸಿವು, ನಿದ್ದೆ, ದುಃಖ ಎಲ್ಲಕ್ಕೂ ಒಂದೇ ರುಚಿ. ಅತ್ತೆಗೆ ಗೊತ್ತಾದರೆ ಎಂಬ ಭಯ ಮಾತ್ರ ನನ್ನಲ್ಲಿ ಜೀವಂತವಾಗಿತ್ತು. ನನಗೆ ಹಿಂದೆ ಮುಂದೆ ಯಾರೂ ಇಲ್ಲ. ಆ ಮನೆಯೊಂದು, ಅತ್ತೆಯೊಬ್ಬರು.

ಓದು ಶುರುವಾಯಿತು. ಕಾಲೇಜಿನಿಂದ ನಾಲ್ಕಕ್ಕೆ ಬಂದು, ಕಿಟಕಿ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದೆ. ಬಿಡಿ ಹಾಳೆಗಳು, ಒಂದೇ ಬದಿಗೆ ಬರೆದವು. ಓದಿದ್ದನ್ನು ಎತ್ತಿ ಎಡಕ್ಕೆ ಇಡುವುದು. ಪ್ರತಿ ಅಧ್ಯಾಯದ ಕೊನೆಗೆ ತಾರೀಖು ಹಾಕಿದ್ದ. ಎಲ್ಲವೂ ಎರಡು ವರ್ಷದ ಹಿಂದಿನವು.

ಅದರಲ್ಲಿ ಗಾಜಿನೆದೆಯ ಹುಡುಗನೊಬ್ಬ ಊರೂರು ನಡೆಯುತ್ತಾನೆ. ದಡ ಮರೆತ ಅಂಬಿಗ ಅವನನ್ನು ಅರ್ಧ ಹೊಳೆಯಲ್ಲಿ ಇಳಿಸುತ್ತಾನೆ. ಅದು ಮಾವ, ಮನೆ ಬಿಟ್ಟು ಹೋದವರು. ನೂಲಿನ ತಾಯಿ ತನ್ನ ಬೆರಳಿನಿಂದಲೇ ದಾರ ತೆಗೆದು ಹುಡುಗನ ಬಿರುಕು ಹೊಲಿಯುತ್ತಾಳೆ. ಅದು ಬಂದಾಗ ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಬಡ್ಡೀಮಗ, ಬದುಕಿದ್ದಾಗ ಒಂದು ಒಳ್ಳೇ ಮಾತಾಡಲಿಲ್ಲ," ಎಂದು ನಕ್ಕರು. ನಾನು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡುತ್ತಿದ್ದೆ. ಎಡಗಡೆ ಪಾತ್ರ, ಬಲಗಡೆ ಮನುಷ್ಯರು. ನೂಲಿನ ತಾಯಿ: ಅತ್ತೆ. ತಕ್ಕಡಿ ಮುದುಕ: ಅಂಗಡಿ ಮಾಲೀಕರು.

ಬುಧವಾರ ನಾದಿನಿ ಬಂದಳು. ಅತ್ತೆಗೆ ಒಬ್ಬಳೇ ಮಗಳು, ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಿದ್ದಾಳೆ.

"ನಾನೆಲ್ಲಿ ಬರ್ತೀನಿ ಅತ್ತಿಗೆ? ರಾಜಕುಮಾರಿನಾ, ರಾಕ್ಷಸಿನಾ?"

"ಮೂಗಿನ ತುದಿಯಲ್ಲಿ ಕೆಂಡ ಇಟ್ಟುಕೊಂಡ ಹುಡುಗಿ," ಎಂದೆ.

"ನೋಡಮ್ಮ! ಸತ್ತ ಮೇಲೂ ಬಿಡಲಿಲ್ಲ ನಿನ್ನ ಮಗ!" ಎಂದು ಅವಳು ಮೂಗು ಮುಟ್ಟಿಕೊಂಡು ಕೂಗಾಡಿದಳು. ಆಮೇಲೆ, "ಹೋಗಲಿ, ನೀವೆಲ್ಲಿ? ಹೆಂಡತಿ ಇಲ್ಲದ ಕತೆನಾ ಇದು?"

"ಇನ್ನೂ ಬಂದಿಲ್ಲ."

"ಬರ್ತೀರ ಬಿಡಿ. ಒಂಬತ್ತನೆಯದರ ತಲೇಲಿ 'ಓಗೊಡದವಳು' ಅಂತ ಬರೆದಿದೆ, ಪುಟ ತಿರುವುವಾಗ ಕಂಡೆ."

ನನ್ನ ಕೈಯಿಂದ ಪೆನ್ನು ಜಾರಿ ಮೇಜಿನ ಕೆಳಗೆ ಹೋಯಿತು.

"ಯಾಕತ್ತಿಗೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀರ?" ನಾದಿನಿ ನಗುತ್ತಿದ್ದಳು. ಅತ್ತೆ ನಗಲಿಲ್ಲ. ಅವರ ಮುಖ ನನ್ನ ಕಡೆ ತಿರುಗಿತ್ತು. ಕಾಣದ ಕಣ್ಣು ನೋಡಿದರೆ ತಪ್ಪಿಸಿಕೊಳ್ಳುವುದು ಹೇಗೆಂದು ಯಾರಿಗೂ ಗೊತ್ತಿರುವುದಿಲ್ಲ.

ಮರುದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂಬತ್ತನೆಯ ಅಧ್ಯಾಯವನ್ನು ಒಬ್ಬಳೇ ಓದಿದೆ. ಹನ್ನೊಂದು ಹಾಳೆ. ಒಬ್ಬ ಹೆಂಗಸು ಬೆನ್ನು ತಿರುಗಿಸಿ ಕುಳಿತಿದ್ದಾಳೆ. ಬಾಗಿಲಾಚೆ ಹುಡುಗ ನಿಂತಿದ್ದಾನೆ, ಅವನಲ್ಲಿ ಏನೋ ಮುರಿದಿದೆ. ಅವನು ಕರೆಯುತ್ತಾನೆ.

ಮೂರು ಸಲ.

ಓದಿ ಮುಗಿಸಿದಾಗ ಅಂಗೈ ಒದ್ದೆಯಾಗಿ ಕೊನೆಯ ಹಾಳೆಯ ಶಾಯಿ ಹರಡಿತ್ತು. ಎರಡು ವರ್ಷದ ಹಿಂದಿನ ತಾರೀಖು. ನಾನು ಮಾಡುವ ಮುನ್ನವೇ ಅವನು ಬರೆದಿದ್ದ. ಪಾಠದಲ್ಲಿ ಮಕ್ಕಳಿಗೆ ಹೇಳುತ್ತೇನೆ, ಕವಿಗೆ ಮುಂಚೆಯೇ ಗೊತ್ತಾಗುತ್ತದೆ ಎಂದು. ಅದು ಸುಮ್ಮನೆ ಹೇಳುವ ಮಾತು. ಆ ದಿನ ಅದು ಎದುರು ಕುರ್ಚಿಯಲ್ಲಿ ಬಂದು ಕೂತಿತ್ತು. ಪಟ್ಟಿಯಲ್ಲಿ ಬರೆದೆ: ಓಗೊಡದವಳು: ನಾನು. ಬಾಗಿಲಿಗೂ ಅವಳಿಗೂ ನಡುವೆ ಹನ್ನೆರಡು ಹೆಜ್ಜೆ ಎಂದಿತ್ತು. ಪಕ್ಕದಲ್ಲಿ ಸಣ್ಣದಾಗಿ: 'ಹನ್ನೆರಡು: ಮದುವೆಯ ಮೊದಲ ವರ್ಷದ ಹನ್ನೆರಡು ತಿಂಗಳು?' ಹತ್ತನೆಯ ಅಧ್ಯಾಯವನ್ನು ತೆರೆಯುವ ಧೈರ್ಯವಾಗಲಿಲ್ಲ. ಒಂಬತ್ತನೆಯದನ್ನು ಬಿಟ್ಟುಬಿಡುತ್ತೇನೆ, ಎಂಟರಿಂದ ನೇರ ಹತ್ತಕ್ಕೆ ಹೋಗುತ್ತೇನೆ ಎಂದುಕೊಂಡೆ. ಅತ್ತೆಗೆ ಎಲ್ಲಿ ಕಾಣುತ್ತದೆ.

ಅವತ್ತು ಸಂಜೆ ಎಂಟನೆಯದು ಮುಗಿಯಿತು. ಹನ್ನೊಂದು ಹಾಳೆಗಳನ್ನು ಒಟ್ಟಿಗೆ ಹಿಡಿದು, ಆದಷ್ಟು ಮೆಲ್ಲಗೆ, ಎಡಕ್ಕೆ ಇಟ್ಟೆ.

"ಅಧ್ಯಾಯ..." ಎಂದು ಶುರುಮಾಡಿದೆ.

"ತಡಿ," ಎಂದರು ಅತ್ತೆ.

ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು.

"ಅದು ಒಂದು ಹಾಳೆ ಬಿದ್ದ ಸದ್ದಲ್ಲ."

"ಅಂಟಿಕೊಂಡಿತ್ತು ಅತ್ತೆ, ಎರಡು..."

"ಎರಡಲ್ಲ. ಹತ್ತು ಇರಬೇಕು, ಇಲ್ಲಾ ಹನ್ನೊಂದು." ಅವರು ಕೈ ಚಾಚಿದರು. "ಕೊಡು ಇಲ್ಲಿ."

ನಾನು ಕೊಡಲಿಲ್ಲ. ಅವರೇ ಮೇಜನ್ನು ತಡವಿಕೊಂಡು ಎಡಗಡೆಯ ಕಂತೆಗೆ ಬಂದು, ಮೇಲೆ ಓರೆಯಾಗಿ ಬಿದ್ದಿದ್ದಷ್ಟನ್ನು ಎತ್ತಿಕೊಂಡರು. ಹೆಬ್ಬೆರಳಿನಿಂದ ಅಂಚು ಬಾಗಿಸಿ, ಬೀಸಣಿಗೆಯಂತೆ ಬಿಡಿಸಿ, ಉಗುರಿನಿಂದ ಎಣಿಸಿದರು. ಮೂರು ಮೂರು ಮೂರು ಎರಡು. ಮೂವತ್ತು ವರ್ಷ ಒಂದು ಹಾಳೆ ಹೆಚ್ಚು ಕಡಿಮೆಯಾದರೂ ಪುಸ್ತಕ ವಾಪಸು ಬರುತ್ತಿದ್ದ ಕೆಲಸ ಅದು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕಣ್ಣನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆ.

"ಹನ್ನೊಂದು," ಎಂದರು. "ಅವಳದ್ದು ತಾನೇ? ಓಗೊಡದವಳು?"

"ಹೂಂ."

"ಯಾಕೆ ಬಿಟ್ಟೆ?"

ಗೊತ್ತಾಗಿಹೋಗಿದೆ, ಬುಧವಾರವೇ ಗೊತ್ತಾಗಿದೆ ಎಂದುಕೊಂಡೆ.

"ಓದು," ಎಂದರು. ದನಿ ಗಟ್ಟಿಯಾಗಿರಲಿಲ್ಲ. ಆದರೂ ಓದದೆ ಇರುವಂತಿರಲಿಲ್ಲ.

ಓದಿದೆ. "ಬಾಗಿಲಿಗೂ ಅವಳಿಗೂ ನಡುವೆ ಹನ್ನೆರಡು ಹೆಜ್ಜೆ. ಹುಡುಗ ಮೊದಲ ಸಲ ಕರೆದಾಗ ಅವಳ ಕೈ ನಿಂತಿತು. ಎರಡನೆಯ ಸಲ ಕರೆದಾಗ ಅವಳ ಹೆಗಲು ನಡುಗಿತು. ಮೂರನೆಯ ಸಲ ಕರೆದಾಗ ಅವಳಿಗೆ ಬೆನ್ನೊಂದೇ ಉಳಿದಿತ್ತು." ಒಂದೊಂದು ಸಾಲಿಗೂ ಅತ್ತೆ ಈಗ ತಡೆಯುತ್ತಾರೆ, ಈಗ ಕೇಳುತ್ತಾರೆ ಎಂದು ಕಾದೆ. ಹನ್ನೊಂದೂ ಮುಗಿಯಿತು. ತಲೆಯೆತ್ತಿದೆ.

ಅತ್ತೆಯ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎರಡು ಕೈಯಿಂದ ಮೇಜಿನ ಅಂಚು ಹಿಡಿದಿದ್ದರು.

"ಹನ್ನೆರಡೇ ಹೆಜ್ಜೆ," ಎಂದರು. "ಗೇಟಿನಿಂದ ನನ್ನ ಮೇಜಿಗೆ."

ನನಗೆ ಅರ್ಥವಾಗಲಿಲ್ಲ.

"ಏಳು ವರ್ಷ ಅವನಿಗೆ. ಸ್ಕೂಲಿನ ಗೋಡೆ ಮೇಲಿಂದ ಬಿದ್ದು, ಮುರಿದ ಕೈ ಹಿಡ್ಕೊಂಡು ಒಬ್ಬನೇ ಕಾರ್ಖಾನೆಗೆ ನಡಕೊಂಡು ಬಂದ. ಗೇಟಿನಲ್ಲಿ ನಿಂತು ಅಮ್ಮಾ ಅಂದ. ಮೇಸ್ತ್ರಿ ಎದುರಿಗೇ ನಿಂತಿದ್ದ. ಗಂಟೆ ಹೊಡೆಯೋ ಮುಂಚೆ ಎದ್ದವರು ನಾಳೆ ಬರಬೇಡಿ ಅಂದು, ಹಿಂದಿನ ದಿನ ತಾನೇ ಇಬ್ಬರನ್ನ ಕಳಿಸಿದ್ದ. ಇವರಪ್ಪ ಆಗಲೇ ಬಿಟ್ಟು ಹೋಗಿಯಾಗಿತ್ತು." ಉಸಿರು ಎಳೆದುಕೊಂಡರು. "ತಿರುಗಿ ನೋಡಿದ್ರೆ ಎದ್ದುಬಿಡ್ತಿದ್ದೆ. ಅದಕ್ಕೆ ತಿರುಗಲೇ ಇಲ್ಲ. ಒಂದೂವರೆ ಗಂಟೆ ಕೂತಿದ್ದ, ಆ ಕೈ ಇಟ್ಕೊಂಡು."

ಅವನ ಎಡ ಮೊಣಕೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಮರದಿಂದ ಬಿದ್ದೆ ಎಂದು ನನಗೆ ಹೇಳಿದ್ದ.

"ಅತ್ತೆ, ನೀವು ನೂಲಿನ ತಾಯಿ ಅಲ್ವಾ," ಎಂದೆ. ಪಟ್ಟಿಯಲ್ಲಿ ಹಾಗೆ ಬರೆದಿತ್ತು.

"ಅವಳೂ ನಾನೇ, ಇವಳೂ ನಾನೇ. ಒಬ್ಬಳು ಇಬ್ಬರಾಗಬಾರದು ಅಂತ ನಿಮ್ಮ ಕಾಲೇಜಿನಲ್ಲಿ ಹೇಳಿಕೊಡ್ತಾರಾ?" ಎಂದರು. "ಮೊದಲ ದಿನದಿಂದ ಹೆದರಿಕೊಂಡೇ ಕೇಳ್ತಿದೀನಿ. ಬರೆದಿದಾನೋ ಇಲ್ವೋ, ಬರೆದಿದಾನೋ ಇಲ್ವೋ ಅಂತ. ನೀನು ಬಿಟ್ಟಾಗ, ನನ್ನ ಮೇಲೆ ಕನಿಕರಕ್ಕೆ ಬಿಟ್ಟೆ ಅಂದ್ಕೊಂಡೆ."

ಆಮೇಲೆ ಕೇಳಿದರು: "ಯಾಕೆ ಅಂತ ಬರೆದಿದಾನಾ? ಅವಳು ಯಾಕೆ ತಿರುಗಲಿಲ್ಲ ಅಂತ?"

ಕೊನೆಯ ಹಾಳೆ ನೋಡಿದೆ. ಒಂದು ಸಾಲು ಕಟ್ಟಿ ಹೇಳಬಹುದಿತ್ತು. ಅವನ ಹಾಗೆ ಬರೆಯಲು ನನಗೆ ಬರುತ್ತದೆ.

"ಇಲ್ಲ ಅತ್ತೆ. ಬರೆದಿಲ್ಲ."

"ಗೊತ್ತಿರಲಿಲ್ಲ ಅವನಿಗೆ. ನಾನೂ ಹೇಳಲಿಲ್ಲ."

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ನೆಮ್ಮದಿ. ಪುಸ್ತಕದಲ್ಲಿ ನಾನಿಲ್ಲ. ಯಾರಿಗೂ ಏನೂ ಗೊತ್ತಿಲ್ಲ. ಎದ್ದು ದೀಪ ಹಾಕಿ, ಪಟ್ಟಿಯಲ್ಲಿ ಒಂದು ಪದ ಹೊಡೆದುಹಾಕಿದರೆ ಮುಗಿಯಿತು. ಅತ್ತೆ ನನ್ನ ಮಣಿಕಟ್ಟು ಹುಡುಕಿ ಹಿಡಿದುಕೊಂಡರು.

"ಕೊನೇಗಾದ್ರೂ ಅವನು ಯಾರನ್ನೂ ಕರೆಯೋ ಹಾಗಾಗಲಿಲ್ಲ. ಅದೊಂದು ಪುಣ್ಯ. ಮತ್ತೆ ಕರೆದು, ಮತ್ತೆ ಯಾರೂ ಬರದೆ ಹೋಗಿದ್ರೆ ನಾನು ಹೇಗೆ ತಡ್ಕೋತಿದ್ದೆ?"

ಅವರು ಐದು ತಿಂಗಳಿಂದ ಒರಗಿಕೊಂಡಿದ್ದ ಗೋಡೆ ನನ್ನ ಸುಳ್ಳು. ಸುಮ್ಮನಿದ್ದಿದ್ದರೆ ಅದು ನಿಲ್ಲುತ್ತಿತ್ತು. ಆದರೆ ಅವರು ತಮ್ಮದನ್ನು ನನ್ನ ಮುಂದೆ ಇಟ್ಟು, ಕೈ ಹಿಡಿದುಕೊಂಡು ಕೂತಿದ್ದರು. ಹಿಡಿದದ್ದು ಯಾರ ಕೈ ಎಂದು ಅವರಿಗೆ ಗೊತ್ತಿರಲಿಲ್ಲ. ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತು ಎಂದರೆ ಮಣಿಕಟ್ಟಿನಲ್ಲಿ ಅವರಿಗೇ ತಿಳಿದಿರಬೇಕು.

"ನನಗೆ ಫೋನ್ ಮಾಡಿದ್ದರು ಅತ್ತೆ," ಎಂದೆ. "ಮೂರು ಸಲ. ನಾನು ತೆಗೀಲಿಲ್ಲ."

ಅವರ ಕೈ ಅಲ್ಲೇ ಇತ್ತು. ಆಮೇಲೆ ಒಂದೊಂದೇ ಬೆರಳು ಸಡಿಲವಾಗಿ, ಹಿಂದಕ್ಕೆ ಹೋಯಿತು.

"ಎಷ್ಟು ಹೊತ್ತಿಗೆ?"

"ಮೂರು ಹತ್ತಕ್ಕೆ. ಮೂರು ಹನ್ನೆರಡಕ್ಕೆ. ಆಮೇಲೆ ಮೂರು ಇಪ್ಪತ್ತಕ್ಕೆ."

"ನಡುವೆ ಎಂಟು ನಿಮಿಷ ಕಾದಿದಾನೆ," ಎಂದರು ಅತ್ತೆ.

ನಾನು ಆ ಲೆಕ್ಕವನ್ನು ಅಲ್ಲಿಯವರೆಗೆ ಮಾಡಿರಲಿಲ್ಲ.

"ಯಾಕೆ ತೆಗೀಲಿಲ್ಲ?"

"ಅವರ ಮೇಲೆ ಸಿಟ್ಟು ಬಂದಿತ್ತು. ನಾನು ತಿದ್ದಬೇಕಿದ್ದ ಉತ್ತರಪತ್ರಿಕೆ ಹಿಂದೆ ಏನೋ ಪದ್ಯ ಬರೆದಿಟ್ಟಿದ್ದರು. ನಾಲ್ಕು ಮಕ್ಕಳ ಪೇಪರು." ಹೇಳುವಾಗ ಅದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಬೇರೆ ದೊಡ್ಡ ಕಾರಣವೊಂದು ಇದ್ದಿರಬೇಕು ಎಂದು ಹುಡುಕಿದೆ. ಇರಲಿಲ್ಲ.

ಬಾಗಿಲು ಯಾವ ಕಡೆ, ನನ್ನ ಪೆಟ್ಟಿಗೆ ಯಾವ ಮಂಚದ ಕೆಳಗಿದೆ ಎಂದೆಲ್ಲ ನಾನು ಯೋಚಿಸಿದೆ. ಕೊನೆಗೆ ಅವರು ಬಾಯಿ ತೆರೆದಾಗ ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ.

"ಈಗ ನಾನೇನೂ ಹೇಳಲ್ಲ," ಎಂದರು. "ಹೇಳಿದ್ರೆ ಕೆಟ್ಟ ಮಾತೇ ಬರುತ್ತೆ. ಸಮಾಧಾನ ಹೇಳ್ತಾಳೆ ಅಂತಲೂ ಕಾಯಬೇಡ. ಕೂತ್ಕೋ."

ಕೂತೆ.

"ಮುಂದಿನದು ಓದು."

"ಇವತ್ತಿಗೆ ಸಾಕು ಅತ್ತೆ."

"ಸಾಕು ಅನ್ನಬೇಕಾದವಳು ನಾನು. ಓದು."

ಹತ್ತನೆಯ ಅಧ್ಯಾಯದಲ್ಲಿ ಯಾರಿದ್ದಾರೆ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮೊದಲ ಸಾಲು ಓದಿದೆ. ದನಿಯೇ ಹೊರಡಲಿಲ್ಲ.

"ಕೇಳಿಸಲಿಲ್ಲ," ಎಂದರು ಅತ್ತೆ. ಕುರ್ಚಿಯನ್ನು ನನ್ನ ಕಡೆಗೆ ಒಂದಿಷ್ಟು ಎಳೆದುಕೊಂಡರು. ಹತ್ತಿರ ಬರಲೋ, ಸರಿಯಾಗಿ ಕೇಳಿಸಿಕೊಳ್ಳಲೋ ತಿಳಿಯಲಿಲ್ಲ.

ಗಂಟಲು ಸರಿಮಾಡಿಕೊಂಡು, ಮತ್ತೆ ಮೊದಲಿನಿಂದ ಓದಿದೆ.